ಜೋಡಿ ತಪ್ಪಿದ ಲೇಸೊ

ಮುಂಬಯಿಯ ಭಾಂಡುಪ್ ಪಶ್ಚಿಮದಲ್ಲಿ, ಚಾಳು ಕೆಡವಿ ಕಟ್ಟಿದ ಒಂದು ಎಸ್‌ಆರ್‌ಎ ಬಿಲ್ಡಿಂಗಿನ ಐದನೇ ಮಾಳಿಗೆಯಲ್ಲಿ, ಬಕ್ರೀದ್ ಮುಗಿದ ಮರುವಾರ, ನೆಲ ಒರೆಸುವ ಪೋಚಾ ಬಟ್ಟೆ ಬದಲಾಯಿತು. ಇದನ್ನು ಸಣ್ಣ ಸಂಗತಿ ಎಂದು ಯಾರೂ ತಿಳಿಯಬಾರದು. ರಾಜ್ಯಗಳು ಉರುಳಿದ ಕತೆ ಬರೆದವರೆಲ್ಲ ಕೋಟೆ, ಫಿರಂಗಿಗಳ ಕಡೆ ನೋಡುತ್ತ ಕೂತರೇ ಹೊರತು ಪೋಚಾದ ಬಕೆಟಿನೊಳಗೆ ಒಬ್ಬರೂ ಇಣುಕಲಿಲ್ಲ. ಅದಕ್ಕೇ ಅವರ ಬರಹದಲ್ಲಿ ಅರ್ಧ ಯುದ್ಧಗಳಿಗೆ ಕಾರಣವೇ ಸಿಗುವುದಿಲ್ಲ.

ಗುಲಶನಬಿ ಇಣುಕಿದಳು. ಎಪ್ಪತ್ತರ ಹತ್ತಿರದ ಮುದುಕಿ, ಮಂಡಿ ಹಿಡಿದುಕೊಂಡು ಬಗ್ಗಿ, ಎರಡು ಬೆರಳಿನಲ್ಲಿ ಬಟ್ಟೆಯ ತುದಿ ಎತ್ತಿದಳು. ಕೆಂಪು, ಕಪ್ಪು, ಹಸಿರು ಅಂಚು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು: ಉಹುರು ಉಮೆಕುಜಾ. ಅಕ್ಷರ ಇಂಗ್ಲಿಷಿನದಾದರೂ ಮಾತು ಸ್ವಾಹಿಲಿ. ಸ್ವಾತಂತ್ರ್ಯ ಬಂತು, ಎಂದು ಅದರ ಅರ್ಥ. ಸ್ವಾತಂತ್ರ್ಯದಿಂದ ಫಿನಾಯಿಲ್ ನೀರು ತೊಟ್ಟಿಕ್ಕುತ್ತಿತ್ತು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಮುಬೀನಾ ತಿರುಗಿ ನೋಡಲಿಲ್ಲ. "ಏನ್ ಹುಡುಕ್ತೀರಿ ಅಮ್ಮೀ ಬಕೆಟ್‌ನ್ಯಾಗ?"

"ಇದು ಎಲ್ಲಿಂದ ಬಂತು?"

"ನಿಮ್ಮ ಟ್ರಂಕಿನಿಂದ್ರಿ. ಜಿರಳಿ ಆಗಿದ್ವು, ಸ್ವಚ್ಛ ಮಾಡ್ದೆ. ಹಳೇ ಅರಿವಿ, ಚಲೋ ನೀರು ಹೀರತದ."

ಗುಲಶನಬಿ ಬಟ್ಟೆಯನ್ನು ಬಕೆಟಿಗೇ ಬಿಟ್ಟಳು. ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದಿದ್ದರೆ ಮನೆಯವರು ಹೆದರಬೇಕು ಎಂಬುದು ಆ ಮನೆಯಲ್ಲಿ ಗೊತ್ತಿದ್ದವನು ಅವಳ ಗಂಡ ಅಲ್ಲಾವುದ್ದೀನ ಒಬ್ಬನೇ. ಅವನು ತೀರಿಕೊಂಡು ಬಹಳ ವರ್ಷವಾಗಿತ್ತು.

ಗುಲಶನಬಿ ಹುಟ್ಟಿದ್ದು ಕೀನ್ಯಾ ದೇಶದ ಮೊಂಬಾಸಾ ಬಂದರಿನಲ್ಲಿ. ಅಪ್ಪ ವಿಜಯಪುರದ ದರ್ಜಿ. ಅಲ್ಲಿ ಇಂಗ್ಲಿಷರ ರಾಜ್ಯ ಇದ್ದಾಗ ಹಡಗು ಹತ್ತಿದವ. ಮೊಂಬಾಸಾದ ಕೋಟೆ ಪೋರ್ಚುಗೀಸರು ಕಟ್ಟಿಸಿದ್ದು, ಆಮೇಲೆ ಓಮಾನಿನ ಅರಬರು ಕಸಿದುಕೊಂಡದ್ದು, ಕೊನೆಗೆ ಇಂಗ್ಲಿಷರು ಜೈಲು ಮಾಡಿದ್ದು. ಧಣಿಗಳು ಬದಲಾದಂತೆ ಹೆಂಗಸರು ಉಡುವ ಬಟ್ಟೆಯೂ ಬದಲಾಯಿತು. ಪೋರ್ಚುಗೀಸರು ತಂದ ಕರವಸ್ತ್ರಗಳನ್ನು ಆರಾರು ಜೋಡಿಸಿ ಹೊಲಿದುಕೊಂಡು ಉಡತೊಡಗಿದ ಅಲ್ಲಿನ ಹೆಂಗಸರು ಅದಕ್ಕೆ ಲೇಸೊ ಎಂದರು. ಮುಂದೆ ಅದು ಗಿರಣಿಯಲ್ಲೇ ಇಡಿಯಾಗಿ ಅಚ್ಚಾಗಿ ಬಂತು: ಸುತ್ತ ಅಂಚು, ನಡುವೆ ಚಿತ್ರ, ಕೆಳಗೆ ಒಂದು ಮಾತು. ಯಾವಾಗಲೂ ಜೋಡಿಯಾಗಿಯೇ ಮಾರುತ್ತಿದ್ದರು. ಕೊಂಡವರು ನಡುವೆ ಕತ್ತರಿಸಿ ಅಂಚು ಹೊಲಿಸಿ, ಒಂದನ್ನು ಸೊಂಟಕ್ಕೆ ಸುತ್ತಿ, ಇನ್ನೊಂದನ್ನು ತಲೆಗೆ ಹೊದೆಯುವುದು. ಗುಲಶನಬಿಯ ಅಪ್ಪ ಅನ್ನ ತಿಂದದ್ದೇ ಆ ಅಂಚು ಹೊಲಿದು.

ಲೇಸೊದ ಮೇಲಿನ ಮಾತು ಸುಮ್ಮನೆ ಅಲ್ಲ. ಗಂಡನ ಮೇಲೆ ಸಿಟ್ಟಿದ್ದರೆ, ಪಕ್ಕದ ಮನೆಯವಳ ಮೇಲೆ ಹಗೆ ಇದ್ದರೆ, ಅದಕ್ಕೆ ತಕ್ಕ ಮಾತಿನ ಲೇಸೊ ಕೊಂಡು ಉಟ್ಟು ಅವರ ಕಣ್ಣೆದುರು ಓಡಾಡಬೇಕು. ಬಾಯಿ ತೆರೆಯಬಾರದು. ಪೆಟ್ಟು ತಿಂದವಳೂ, ಇದು ನನಗೇನಾ ಎಂದು ಕೇಳುವಂತಿಲ್ಲ. ಕೇಳಿದರೆ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡಂತೆ. ಬಟ್ಟೆಗೆ ಬಟ್ಟೆಯಲ್ಲೇ ಉತ್ತರ ಹೇಳಬೇಕು. ಮೊಂಬಾಸಾದ ಓಣಿಗಳಲ್ಲಿ ಇಡೀ ವರ್ಷ ನಡೆದ ಜಗಳಗಳಲ್ಲಿ ಒಂದು ಸೊಲ್ಲೂ ಕೇಳಿಸುತ್ತಿರಲಿಲ್ಲವಂತೆ. ಅಂಗಡಿಯವರು ಮಾತ್ರ ಉದ್ಧಾರವಾದರು.

ಗುಲಶನ ಎಂಟು ವರ್ಷದವಳಿದ್ದಾಗ, ಡಿಸೆಂಬರ್ ಹನ್ನೆರಡಕ್ಕೆ, ಇಂಗ್ಲಿಷರ ಬಾವುಟ ಇಳಿಯಿತು. ಅವಳ ತಾಯಿ ಅವತ್ತು ಈ ಉಹುರು ಜೋಡಿ ಕೊಂಡಳು, ಅಪ್ಪ ಅಂಚು ಹೊಲಿದ. ನಾಲ್ಕಾರು ವರ್ಷಕ್ಕೆ ಆ ಹೊಸ ಸರ್ಕಾರವೇ, ನೀವು ಈ ದೇಶದವರಲ್ಲ, ಅಂಗಡಿಗೆ ಲೈಸೆನ್ಸ್ ಇಲ್ಲ ಎಂದಿತು. ಸ್ವಾತಂತ್ರ್ಯ ಬಂದದ್ದು ನಿಜ, ತಮಗಲ್ಲ ಎಂದು ತಿಳಿಯಲು ದರ್ಜಿಗೆ ಅಷ್ಟು ಸಮಯ ಹಿಡಿಯಿತು. ಸ್ಟೀಮರ್ ಹತ್ತಿ ಮುಂಬಯಿಗೆ ಬಂದರು. ತಾಯಿ ಸಾಯುವಾಗ ಜೋಡಿಯನ್ನು ಗುಲಶನಳ ಕೈಗೆ ಕೊಟ್ಟು, ನಿನ್ನ ಮಗಳ ಮದುವೆಯಲ್ಲಿ ನಿನ್ನ ಕೈಯಾರೆ ಉಡಿಸು ಎಂದಳು. ಮದುಮಗಳಿಗೆ ಜೋಡಿ ಲೇಸೊ ಉಡಿಸುವುದು ಮನೆಯ ಹಿರಿಹೆಂಗಸಿನ ಹಕ್ಕು. ಒಂಟಿ ಲೇಸೊ ಉಡಿಸುವಂತಿಲ್ಲ. ಗುಲಶನಬಿಗೆ ಹುಟ್ಟಿದ್ದು ನವಾಜ ಒಬ್ಬನೇ. ಹಾಗಾಗಿ ಹಕ್ಕು ಮೊಮ್ಮಗಳು ತಸ್ಕೀನಳ ಮೇಲೆ ಬಂದು ನಿಂತಿತ್ತು. ಅವಳಿಗೀಗ ಇಪ್ಪತ್ತಮೂರು. ಗಂಡು ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಜೋಡಿಯಲ್ಲಿ ಒಂದು ಬಕೆಟಿಗೆ ಬಿತ್ತು.

ಮುಬೀನಾಳಿಗೆ ಇದು ಗೊತ್ತಿರಲಿಲ್ಲವೇ ಎಂಬ ಪ್ರಶ್ನೆಯನ್ನು ಬಗೆಹರಿಸಿದವಳು ಎದುರು ಮನೆಯ ಹಾಲವ್ವ. ಬಾಗಲಕೋಟೆಯಿಂದ ಗಾರೆ ಕೆಲಸಕ್ಕೆ ಬಂದು, ಈಗ ಅದೇ ಬಿಲ್ಡಿಂಗಿನಲ್ಲಿ ಮನೆ ಪಡೆದು, ಪ್ಯಾಸೇಜಿನಲ್ಲಿ ಸ್ಟೂಲು ಹಾಕಿಕೊಂಡು ಎರಡೂ ಕಡೆಯ ಸುದ್ದಿ ಕೇಳುವವಳು.

"ಗುಲಶನವ್ವ, ನೀ ಹಂಡೆ ಮರತಿ. ಆಕಿ ಮರತಿಲ್ಲ."

ಹಂಡೆ ಎಂದರೆ ಮುಬೀನಾಳ ತವರಿನ ತಾಮ್ರದ ಹಂಡೆ. ಚಾಳಿನಿಂದ ಈ ಬಿಲ್ಡಿಂಗಿಗೆ ಬರುವಾಗ, ಇಡಲು ಜಾಗ ಇಲ್ಲ ಎಂದು ಗುಲಶನಬಿ ಅದನ್ನು ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಹಾಕಿ ಎರಡು ಪ್ಲಾಸ್ಟಿಕ್ ಡ್ರಮ್ ತಂದಿದ್ದಳು. ಅಮ್ಮೀ, ಅದು ನಮ್ಮವ್ವನ ಹಂಡೆ, ಕೊಡಬ್ಯಾಡ್ರಿ ಎಂದು ಮುಬೀನಾ ಮೂರು ಸಲ ಹೇಳಿದ್ದಳು. ಡ್ರಮ್ಮುಗಳಲ್ಲಿ ಒಂದು ಸೀಳಿ ಹೋಗಿಯೂ ಆಗಿತ್ತು. ಹಾಗಾದರೆ ಇದು ತಿಳಿಯದೆ ಆದದ್ದಲ್ಲ. ಗುಲಶನಬಿಗೆ ಒಂದು ರೀತಿಯ ನೆಮ್ಮದಿಯೇ ಆಯಿತು. ತಿಳಿಯದವರ ಮೇಲೆ ಸೇಡು ತೀರಿಸುವುದರಲ್ಲಿ ರುಚಿ ಇಲ್ಲ.

ಮರುದಿನ ಅವಳು ಟ್ರಂಕು ತೆರೆದಳು. ಟ್ರಂಕಿನಲ್ಲಿ ಇನ್ನೂ ಹತ್ತಾರು ಲೇಸೊ ಇದ್ದವು. ಕೆಲವು ತಾಯಿಯವು. ಹೆಚ್ಚಿನವು ಗಂಡ ತಂದವು. ಅಲ್ಲಾವುದ್ದೀನ ಪರೇಲಿನ ಒಂದು ಗಿರಣಿಯಲ್ಲಿ ಬಟ್ಟೆ ಮಡಿಸುವ ಖಾತೆಯಲ್ಲಿದ್ದ; ಆಫ್ರಿಕಕ್ಕೆ ಹೋಗುವ ಲೇಸೊಗಳು ಅಲ್ಲೇ ಅಚ್ಚಾಗುತ್ತಿದ್ದವು. ಅಚ್ಚು ಹಾಕುವವನಿಗೆ ಗೊತ್ತಿಲ್ಲ, ಮಡಿಸುವವನಿಗೆ ಗೊತ್ತಿಲ್ಲ, ಸಮುದ್ರ ದಾಟಿದ ಮೇಲೆ ಅದು ಬೈಗುಳವಾಗುತ್ತಿತ್ತು. ಬಣ್ಣ ಕಲಸಿಹೋಗಿ ಬೇಡವಾದ ತುಂಡುಗಳನ್ನು ಮನೆಗೆ ತಂದು ಹೆಂಡತಿಯಿಂದ ಓದಿಸಿ, ಅವನು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ. ಗಿರಣಿ ಮುಚ್ಚಿದ ಮೇಲೆ ಆ ನಗುವೂ ನಿಂತಿತ್ತು.

ಗುಲಶನಬಿ ಆರಿಸಿದ್ದು ನೀಲಿಯದು. ಮುಳ್ಳನ್ನು ಕಡೆಗಣಿಸಿದವರ ಕಾಲು ಬಾತುಕೊಳ್ಳುತ್ತದೆ, ಎಂದು ಅದರ ಮಾತು. ಸಲವಾರದ ಮೇಲೆ ಸೊಂಟಕ್ಕೆ ಸುತ್ತಿದಳು. ಮಾತು ಸರಿಯಾಗಿ ಹಿಂಭಾಗದ ಮೇಲೆ ಕೂರುತ್ತದೆ. ಅಡುಗೆಮನೆಗೆ ಹೋಗಿ, ಸೊಸೆಗೆ ಬೆನ್ನು ಮಾಡಿ, ಬೆಳ್ಳುಳ್ಳಿ ಸುಲಿಯುತ್ತ ನಿಂತಳು. ಹಾಗೆ ಮೂರು ದಿನ ನಿಂತಳು. ಮನೆಯಲ್ಲಿ ಸುಲಿದ ಬೆಳ್ಳುಳ್ಳಿ ಡಬ್ಬಿ ತುಂಬಿತು.

ಮುಬೀನಾ ಅದನ್ನು ಯಾವುದೋ ಕಂಪನಿಯ ಹೆಸರು ಎಂದುಕೊಂಡಿದ್ದಳು. ನಾಲ್ಕನೇ ದಿನ ತಸ್ಕೀನ ಮೊಬೈಲು ಹಿಡಿದು ದಾದಿಯ, ಅಂದರೆ ಅಜ್ಜಿಯ, ಹಿಂಭಾಗದ ಫೋಟೊ ತೆಗೆದಳು. ಮುಲುಂಡಿನ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೌಂಟರ್ ನೋಡಿಕೊಳ್ಳುವ ಹುಡುಗಿ; ಮೊಬೈಲು ಯಾವ ಭಾಷೆಯನ್ನೂ ಓದುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಮಮ್ಮೀ, ಯೆ ತೋ ಟಾಂಟ್ ಹೈ. ಮುಳ್ಳು ನೋಡಲಿಲ್ಲಾಂದ್ರೆ ಕಾಲು... ಕ್ಯಾ ಬೋಲ್ತೇ... ಮೋಟಾ ಆಗತದ ಅಂತ."

ಮುಬೀನಾ ಹೊಲಿಗೆ ಮಷಿನ್ ನಿಲ್ಲಿಸಿ ನಕ್ಕಳು. ಹೊರಕೋಣೆಯ ಅರ್ಧ ಅವಳ ಮಷಿನಿನದು. ಬಿಲ್ಡಿಂಗಿನ ಹೆಂಗಸರಿಗೆಲ್ಲ ಅವಳೇ ನೈಟಿ ಹೊಲಿಯುವುದು. "ನನ್ನ ಕಾಲು ಈ ಮಷಿನ್ ತುಳದು ತುಳದು ಯಾವತ್ತೋ ಬಾತಾವ. ಹೊಸಾದು ಏನರ ಇದ್ರ ಹೇಳಂತ ಹೇಳು ನಿಮ್ಮ ದಾದಿಗೆ."

ಮಾತು ಬಾಯಲ್ಲಿ ಬಂತು. ಆದ್ದರಿಂದ ಮೊಂಬಾಸಾದ ಲೆಕ್ಕದಲ್ಲಿ ಮುಬೀನಾ ಸೋತ ಹಾಗೆ. ಆದರೆ ಅವಳು ಬೇಗ ಕಲಿಯುವವಳು. ಮುಂದಿನ ವಾರ ಫ್ರಿಜ್ಜಿಗೆ ಹೊಸ ಕವರು ಬಂತು. ಅದರ ಮುಂಭಾಗದಲ್ಲಿ ಕೆಂಪು ದಾರದಿಂದ ದುಂಡಗೆ ಕನ್ನಡದಲ್ಲಿ ಕಸೂತಿ. ಗುಲಶನಬಿ ಇಂಗ್ಲಿಷ್ ಅಕ್ಷರ ಬಲ್ಲಳು, ಕುರಾನು ಓದಬಲ್ಲಳು. ಕನ್ನಡ ಆಡಬಲ್ಲಳೇ ಹೊರತು ಓದಲಾರಳು. ನೀರು ಕುಡಿಯಲು ಹೋದಾಗಲೆಲ್ಲ ಆ ಸಾಲು ಅವಳನ್ನು ನೋಡುತ್ತಿತ್ತು. ತಡೆಯಲಾರದೆ ಹಾಲವ್ವಳನ್ನು ಕರೆದು, ಐಸ್ ಬೇಕೇನು ಎಂಬ ನೆವದಲ್ಲಿ ಫ್ರಿಜ್ಜಿನ ಮುಂದೆ ನಿಲ್ಲಿಸಿದಳು. ಹಾಲವ್ವ ಮೂರನೇ ಇಯತ್ತೆಯ ಓದನ್ನೆಲ್ಲ ಒಟ್ಟುಮಾಡಿ, ಬೆರಳಿಟ್ಟು, ಜೋರಾಗಿ ಓದಿದಳು.

"ಅತ್ತಿ ಒಡದ್ರ ಹಳೇ ಗಡಗಿ, ಸೊಸಿ ಒಡದ್ರ ಹೊಸಾ ಗಡಗಿ."

ಮಷಿನಿನ ಸದ್ದು ಆಗ ಯಾಕೋ ನಿಂತಿತ್ತು. ಓದಿ ಮುಗಿದ ಮೇಲೆ ಮತ್ತೆ ಶುರುವಾಯಿತು.

ಶ್ರಾವಣದ ಮಳೆ ಅರ್ಧಕ್ಕೆ ಬರುವ ಹೊತ್ತಿಗೆ ಜಗಳ ಊಟಕ್ಕೂ ಇಳಿಯಿತು. ಶುಕ್ರವಾರ ಗುಲಶನಬಿ ತೆಂಗಿನ ಹಾಲಿನಲ್ಲಿ ರಾಜ್ಮಾ ಬೇಯಿಸುವುದು ಮೊಂಬಾಸಾದಿಂದ ಬಂದ ಪದ್ಧತಿ; ಮುಬೀನಾ ತೆಂಗಿನಕಾಯಿ ತರುವುದನ್ನೇ ಬಿಟ್ಟಳು. ಗುಲಶನಬಿ ಹಲ್ಲು ನೋವೆಂದು ಜೋಳದ ರೊಟ್ಟಿ ಬಿಟ್ಟು, ಕೆಳಗಿನಿಂದ ಪಾವ್ ತರಿಸಿ, ಸೊಸೆ ರೊಟ್ಟಿ ಬಡಿಯುವಾಗಲೇ ಚಹಾದಲ್ಲಿ ಅದ್ದಿ ತಿಂದಳು. ಒಂದು ದಿನ ಹಸಿರು ಲೇಸೊ ಉಟ್ಟಳು: ಹಾಸಿದಿ ಹಾನಾ ಸಬಾಬು. ಇದಕ್ಕೆ ಮೊಬೈಲು ಬೇಕಾಗಲಿಲ್ಲ. ಹಾಸಿದ್, ಸಬಬ್ ಎರಡೂ ಮುಬೀನಾಳ ತವರಿನ ದಖನಿಯಲ್ಲೂ ಇರುವ ಶಬ್ದಗಳೇ. ಹೊಟ್ಟೆಕಿಚ್ಚಿನವರಿಗೆ ಕಾರಣ ಬೇಕಾಗಿಲ್ಲ ಎಂಬುದು ತಾನಾಗಿಯೇ ತಿಳಿಯಿತು. ಅಂದು ಉಹುರು ಪೋಚಾ ಎರಡು ಸಲ ಹೆಚ್ಚು ನೆಲ ಒರೆಸಿತು, ಅದೂ ಗುಲಶನಬಿಯ ಮಂಚದ ಸುತ್ತ.

ನವಾಜ ಇದ್ಯಾವುದನ್ನೂ ನೋಡಲಿಲ್ಲ. ಅವನು ಪರೇಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟ್ ಸಂಭಾಳಿಸುವವನು. ಕೆಳಗಿನವರನ್ನು ಮೇಲೆ, ಮೇಲಿನವರನ್ನು ಕೆಳಗೆ ಒಯ್ಯುವುದಷ್ಟೇ ತನ್ನ ಕೆಲಸ, ಒಳಗೆ ನಿಂತವರು ಏನು ಮಾತಾಡುತ್ತಾರೆಂಬುದು ತನಗೆ ಸಂಬಂಧವಿಲ್ಲ ಎಂದು ಮೂವತ್ತು ವರ್ಷದಲ್ಲಿ ಕಲಿತಿದ್ದ. ತಾಯಿಯ ರಾಜ್ಮಾ ಇದ್ದರೆ ರಾಜ್ಮಾ, ಹೆಂಡತಿಯ ರೊಟ್ಟಿ ಇದ್ದರೆ ರೊಟ್ಟಿ. ತಿಂದು, ಕೈತೊಳೆದು, ಮಲಗುತ್ತಿದ್ದ.

ಆ ನಡುವೆ ತಸ್ಕೀನಳಿಗೆ ಗಂಡು ಕೂಡಿಬಂತು. ದಹಿಸರಿನ ಜುನೈದ, ಸ್ಟೇಷನ್ ಹತ್ತಿರ ಮೊಬೈಲು ಕವರಿನ ಅಂಗಡಿ. ಮಧ್ಯಸ್ಥಿಕೆಯವಳು ಈ ಮನೆಯನ್ನೇ ಹುಡುಕಿ ಬಂದದ್ದಕ್ಕೆ ಕಾರಣ, ಹುಡುಗನ ದಾದಿಯೂ ಆಫ್ರಿಕಾದವಳು ಎಂಬುದು. ಹೆಸರು ಜೈತೂನಬಿ. ಅವಳಪ್ಪ ಬೆಳಗಾವಿ ಕಡೆಯವನು, ಮೊಂಬಾಸಾದಿಂದ ಉತ್ತರಕ್ಕಿರುವ ಲಾಮು ದ್ವೀಪದಲ್ಲಿ ಬೇಕರಿ ಇಟ್ಟಿದ್ದ. ಮನೆ ಅವಳ ಮಾತಿನ ಮೇಲೆ ನಡೆಯುತ್ತದೆ. ಅವಳು ಹೂಂ ಅಂದರೆ ಹೂಂ. ಹುಡುಗ, ಹುಡುಗಿ ಮೊದಲೇ ಇಬ್ಬರೂ ಹೂಂ ಅಂದುಕೊಂಡು, ಫೋನಿನಲ್ಲಿ ಮಾತಾಡಿ ಮಾತಾಡಿ ಕಿವಿ ಕೆಂಪಾಗಿಸಿಕೊಂಡಿದ್ದರು.

ಹುಡುಗಿ ನೋಡಲು ಬಂದ ದಿನ ಜೈತೂನಬಿ ಸೋಫಾದ ಮೇಲೆ ಕೂತು, ಎದುರಿಗಿದ್ದ ಗುಲಶನಬಿಯನ್ನು ದಿಟ್ಟಿಸಿ, ಹಬಾರಿ ಎಂದಳು. ಗುಲಶನಬಿ ನ್ಜೂರಿ ಎಂದಳು. ಕ್ಷೇಮವೇ, ಕ್ಷೇಮ, ಅಷ್ಟೇ. ಆದರೆ ಅದಾದಮೇಲೆ ಇಬ್ಬರ ಮಾತೂ ನಿಲ್ಲಲಿಲ್ಲ. ತಾಯಿ ಸತ್ತ ಮೇಲೆ ಗುಲಶನಬಿ ಆ ಭಾಷೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿಯೇ ಇರಲಿಲ್ಲ. ಸುಟ್ಟ ಮರಗೆಣಸಿಗೆ ಖಾರ ಹಾಕಿ ಮಾರುವವರು, ಲಾಮು ಕೋಟೆಯ ಜೈಲಿನ ಗಂಟೆ, ಲೇಸೊ ಅಂಗಡಿಗಳ ಓಣಿ, ಎಲ್ಲ ಭಾಂಡುಪಿನ ಆ ಹೊರಕೋಣೆಗೆ ಬಂದು ಕೂತವು. ಮುಬೀನಾ ಶೀರಾದ ತಟ್ಟೆ ಹಿಡಿದು ತನ್ನದೇ ಮನೆಯಲ್ಲಿ ಒಂದು ಮಾತೂ ತಿಳಿಯದೆ ನಿಂತಿದ್ದಳು. ಹೋಗುವಾಗ ಜೈತೂನಬಿ ಗುಲಶನಬಿಯ ಕೈ ಹಿಡಿದು ಕನ್ನಡದಲ್ಲೇ ಹೇಳಿದಳು. "ಮದವಿ ಆದ ಮ್ಯಾಲ ವಾರಕ್ಕೊಮ್ಮೆ ಬಾ. ಸಾಯೂದರಾಗ ನಾಲ್ಕು ಮಾತು ಆಡೋಣು."

ಗುಲಶನಬಿ ಎರಡು ವಾರ ಲೇಸೊ ಉಡಲಿಲ್ಲ. ಪಾವ್ ತರಿಸುವುದೂ ನಿಂತಿತು. ಸಂಧಿಯಾಯಿತೇನೋ ಎಂದು ಹಾಲವ್ವ ಬೇಜಾರು ಮಾಡಿಕೊಂಡಳು.

ನಿಶ್ಚಿತಾರ್ಥಕ್ಕೆ ಮೂರು ದಿನ ಇರುವಾಗ, ಮುಬೀನಾ ಅತ್ತೆಯ ಮಂಚದ ಹತ್ತಿರ ಬಂದು ನೆಲದ ಮೇಲೆ ಕೂತಳು. ಹಾಗೆ ಅವಳು ಕೂತದ್ದು ಮದುವೆಯಾಗಿ ಬಂದ ಹೊಸದರಲ್ಲಿ ಮಾತ್ರ.

"ಅಮ್ಮೀ, ಆ ಹಿರಿಯಾಕಿಗೆ ಏನರ ಕೊಡಬೇಕಲ್ರಿ. ಸೀರಿ ಅವರ ಮನ್ಯಾಗ ರಗಡ ಅದಾವ. ನಿಮ್ಮ ಟ್ರಂಕಿನಾಗಿಂದು ಒಂದು ಕೊಟ್ರ ಭಾಳ ಖುಷಿ ಆಗತಾಳ. ಯಾವುದು ಚಲೋ, ನೀವ ಹೇಳ್ರಿ."

ಗುಲಶನಬಿ ಟ್ರಂಕು ತೆರೆದಳು. ಮುಬೀನಾ ಒಂದೊಂದನ್ನೂ ಎತ್ತಿ, ಮೂಸಿ, ಬದಿಗಿಟ್ಟು, ತಳದಿಂದ ಒಂದನ್ನು ಹೊರತೆಗೆದಳು. ಹಳದಿ ನೆಲ, ನಡುವೆ ಹಾಯಿ ಬಿಚ್ಚಿದ ಹಡಗು, ಸುತ್ತ ನಕ್ಷತ್ರ. ಒಮ್ಮೆಯೂ ಉಟ್ಟದ್ದಲ್ಲ, ಜೋಡಿ ಇನ್ನೂ ಕತ್ತರಿಸಿಯೇ ಇರಲಿಲ್ಲ. ಗುಲಶನಬಿಯ ತಾಯಿ ಅದನ್ನು ಪಕ್ಕದ ಮನೆಯ ಒಬ್ಬಳನ್ನು ಚುಚ್ಚಲೆಂದು ಕೊಂಡಿದ್ದಳು. ಉಡುವ ಮೊದಲೇ ಆ ಹೆಂಗಸು ಊರು ಬಿಟ್ಟಳು. ಇನ್ನೊಬ್ಬರ ನಕ್ಷತ್ರ ನೋಡಿಕೊಂಡು ಹಡಗು ಬಿಡಬೇಡ, ಎಂದು ಅದರ ಮಾತು. ಇನ್ನೊಬ್ಬರ ಅದೃಷ್ಟಕ್ಕೆ ಬಾಯಿ ಬಿಟ್ಟುಕೊಂಡು ಬದುಕುವವಳೇ, ಎಂದ ಹಾಗೆ. ಬೀಗರ ಮನೆಗೆ ಒಯ್ಯುವ ಮಾತಲ್ಲ. ದಹಿಸರಿನ ಅಂಗಡಿ ಜುನೈದನ ಸೋದರಮಾವ ಹಾಕಿಕೊಟ್ಟದ್ದು ಎಂದು ಮಧ್ಯಸ್ಥಿಕೆಯವಳು ಹೇಳಿದ್ದೂ ಗುಲಶನಬಿಗೆ ನೆನಪಿತ್ತು.

"ಇದು ಭಾಳ ಛಂದ ಅದ. ಏನ ಬರದದರಿ ಇದರಾಗ?"

ಕೇಳಿದ ಸೊಸೆಯ ಮುಖದಲ್ಲಿ ಕೊಂಕು ಇರಲಿಲ್ಲ. ಅವಳ ಹಿಂದೆ, ಕಿಟಕಿಯ ಗ್ರಿಲ್ಲಿನ ಮೇಲೆ, ಹಿಂಡಿ ಹಾಕಿದ ಪೋಚಾ ಒಣಗುತ್ತಿತ್ತು. ಬಣ್ಣ ಹೋದರೂ ಅಕ್ಷರ ಹೋಗಿರಲಿಲ್ಲ. ಉಹುರು ಉಮೆಕುಜಾ.

"ದುಆ ಬರದದ," ಎಂದಳು ಗುಲಶನಬಿ. "ನಿಮ್ಮ ಮನಿ ಬೆಳಗಲಿ ಅಂತ. ಇದನ್ನ ಕೊಡು. ನಿನ್ನ ಕೈಯಿಂದ ಕೊಡು."

ಮುಬೀನಾ ಅದಕ್ಕೆ ಇಸ್ತ್ರಿ ಹೊಡೆದಳು. ಮುಂಭಾಗ ಕಾಣುವ ಹಾಗೆ ಮಡಿಸಿ, ಪಾರದರ್ಶಕ ಕಾಗದ ಸುತ್ತಿ, ಮೇಲೆ ಗೋಟಾ ಜರಿಯ ಹೂವು ಅಂಟಿಸಿದಳು. ಮೊಬೈಲಿನಲ್ಲಿ ನೋಡಲೇ ಎಂದು ತಸ್ಕೀನ ಕೇಳಿದ್ದಕ್ಕೆ, ದಾದಿ ಹೇಳ್ಯಾರಲ್ಲ, ಸುಮ್ನಿರು ಎಂದಳು. ಅತ್ತೆಯ ಮಾತನ್ನು ಅವಳು ನಂಬಿದ್ದು ಬಹಳ ದಿನಗಳ ಮೇಲೆ.

ದಹಿಸರಿನಲ್ಲಿ ಎಲ್ಲ ಸಾಂಗವಾಗಿ ನಡೆಯಿತು. ಉಂಗುರ ತೊಡಿಸಿದರು, ಬಿರಿಯಾನಿ ಬಡಿಸಿದರು. ಮುಬೀನಾ ತಲೆಯ ಮೇಲೆ ಸೆರಗು ಎಳೆದುಕೊಂಡು, ಎರಡೂ ಕೈಯಲ್ಲಿ ಪೊಟ್ಟಣ ಹಿಡಿದು, ಇದು ನಮ್ಮ ಮನಿ ಕಡಿಂದ, ಖಾಸ ನಿಮಗಂತ ಎಂದು ಜೈತೂನಬಿಯ ತೊಡೆಯ ಮೇಲಿಟ್ಟಳು. ಗುಲಶನಬಿ ಪಕ್ಕದ ಕುರ್ಚಿಯಲ್ಲಿ ಕೂತು ಮೂಳೆ ಚೀಪುತ್ತಿದ್ದಳು. ಜೈತೂನಬಿ ಕಾಗದ ಬಿಡಿಸಿದಳು. ಓದಿದಳು. ಮೊದಲು ಮುಬೀನಾಳನ್ನು ನೋಡಿದಳು. ಅಲ್ಲಿ ಹಲ್ಲು ಕಾಣುವ ನಗು. ಆಮೇಲೆ ಗುಲಶನಬಿಯನ್ನು ನೋಡಿದಳು. ಮೂಳೆಯಲ್ಲಿ ಏನೂ ಉಳಿದಿರಲಿಲ್ಲ, ಆದರೂ ಗುಲಶನಬಿ ತಲೆ ಎತ್ತಲಿಲ್ಲ. ಜೈತೂನಬಿ ಬಟ್ಟೆಯನ್ನು ಮೊದಲಿನಂತೆಯೇ ಮಡಿಸಿ, ಬಹಳ ಚಲೋ ಅದ ಎಂದು ದಿಂಬಿನ ಕೆಳಗೆ ಇಟ್ಟಳು.

ಮೂರು ವಾರ ದಹಿಸರಿನಿಂದ ಫೋನು ಬರಲಿಲ್ಲ. ಹಾಲ್ ಬುಕ್ ಆಯಿತೇ ಎಂದು ನವಾಜ ಕೇಳಿದರೆ, ದಾದಿಯ ತಬಿಯತ್ತು ಸರಿ ಇಲ್ಲ, ತಾರೀಖು ಆಮೇಲೆ ಹೇಳುತ್ತೇವೆ ಎಂದರು. ಜುನೈದನೂ ಫೋನಿನಲ್ಲಿ ಹಾಂ, ಹೂಂ ಎಂದು ಮುಗಿಸತೊಡಗಿದ. ತಸ್ಕೀನ ಡಬ್ಬಿಯ ಊಟವನ್ನು ಹಾಗೇ ವಾಪಸು ತರುತ್ತಿದ್ದಳು. ಮುಬೀನಾ ತಟ್ಟೆ ಬಡಿದಳು, ಮಧ್ಯಸ್ಥಿಕೆಯವಳನ್ನು ಕರೆಸಿ ಚಹಾ ಕುಡಿಸಿದಳು, ಬಿರಿಯಾನಿ ತಿನ್ನುವಾಗ ನವಾಜ ಆಡಿದ ಒಂದೊಂದು ಮಾತನ್ನೂ ಕೆದಕಿ ಅವನದೇ ತಪ್ಪೆಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ನವಾಜ 'ನಾ ಏನ್ ಮಾಡಿದ್ನಲೇ' ಎಂದು ಕೂಗಿ, ಊಟ ಅರ್ಧಕ್ಕೆ ಬಿಟ್ಟು ಎದ್ದ.

ಗುಲಶನಬಿ ಬಾಣ ಬಿಟ್ಟದ್ದು ಸೊಸೆಗೆ. ಸೊಸೆಗೆ ನಾಟಿತು, ಸರಿಯಾಗಿಯೇ ನಾಟಿತು. ಸಿಕ್ಕಸಿಕ್ಕ ಬಟ್ಟೆಗೆ ತಪ್ಪು ಹೊಲಿಗೆ ಹಾಕಿ ಬಿಚ್ಚುತ್ತಿದ್ದ ಮುಬೀನಾಳನ್ನು ಅವಳು ಮಂಚದ ಮೇಲಿಂದ ಎರಡು ದಿನ ತೃಪ್ತಿಯಿಂದ ನೋಡಿದಳು. ಮೂರನೇ ದಿನ ತಸ್ಕೀನ ಬಂದು ಅವಳ ಪಕ್ಕದಲ್ಲೇ ಮಲಗಿ, ಗೋಡೆಯ ಕಡೆ ತಿರುಗಿ, ದಾದೀ, ಅವರು ಬೇಡ ಅಂದ್ರೆ ಬೇಡ ಅಂತ ಹೇಳಲಿ, ಯೂಂ ಲಟಕಾನಾ ಕ್ಯೋಂ, ಹಿಂಗ ತೂಗು ಹಾಕೂದ್ಯಾಕ ಎಂದಳು. ಆಮೇಲೆ ತೃಪ್ತಿ ಅಷ್ಟು ರುಚಿಸಲಿಲ್ಲ. ಆದರೂ ಗುಲಶನಬಿ ಬಾಯಿ ಬಿಡಲಿಲ್ಲ. ಬಿಟ್ಟರೆ ಹೇಳುವುದೇನು?

ನವೆಂಬರಿನ ಮೊದಲ ಭಾನುವಾರ ಜುನೈದ ತಾನೇ ಬಂದ. ಎರಡು ಪೊಟ್ಟಣ ತಂದಿದ್ದ. ದಾದಿ ಹುಷಾರಾಗಿದ್ದಾಳೆ, ತಾರೀಖು ಅವಳೇ ಆರಿಸಿದ್ದಾಳೆ, ಡಿಸೆಂಬರ್ ಹನ್ನೆರಡು ಎಂದ. ಮುಬೀನಾ ಶುಕ್ರಾನಾ ಹೇಳಿ ಒಳಗೋಡಿ ಸಕ್ಕರೆ ತಂದಳು. ದೊಡ್ಡ ಪೊಟ್ಟಣ ತಸ್ಕೀನಳಿಗೆ: ಬಿಳಿಯ ಮೇಲೆ ಕೆಂಪು ಹೂವಿನ ಹೊಸ ಜೋಡಿ ಲೇಸೊ, ಜೈತೂನಬಿಯ ನೆಂಟರು ಲಾಮುವಿನಿಂದ ಕಳಿಸಿದ್ದು. ಚಿಕ್ಕ ಪೊಟ್ಟಣ ಗುಲಶನಬಿಗೆ.

ಗುಲಶನಬಿ ಬಿಡಿಸಿದಳು. ಹಳದಿ ನೆಲ, ಹಡಗು, ನಕ್ಷತ್ರ. ಅದೇ ಲೇಸೊ; ಆದರೆ ಅರ್ಧ. ಜೋಡಿಯನ್ನು ನಡುವೆ ಕತ್ತರಿಸಿ, ಸಣ್ಣ ಕೈಹೊಲಿಗೆಯಲ್ಲಿ ಅಂಚು ಮಡಿಸಿ, ಒಂದನ್ನು ವಾಪಸು ಕಳಿಸಿದ್ದಳು.

ಜುನೈದ ತಗ್ಗಿಸಿದ ತಲೆ ಎತ್ತದೆ, ಉರು ಹೊಡೆದದ್ದನ್ನು ಒಪ್ಪಿಸುವವನಂತೆ ಹೇಳಿದ. "ದಾದಿ ಹೇಳಿ ಕಳಸ್ಯಾಳ್ರಿ. ಆ ಮನ್ಯಾಗ ಇದನ್ನ ಓದಾಕ ಬರೂದು ಒಬ್ಬರಿಗೇ. ಅವರದು ಅವರಿಗೆ ಮುಟ್ಟಸು ಅಂತ. ಮತ್ತ, ಹುಡುಗಿಗೆ ಜೋಡಿ ನಾನೇ ಉಡಸ್ತೀನಿ ಅಂದಾಳ."

ಸಕ್ಕರೆ ತಟ್ಟೆ ಹಿಡಿದಿದ್ದ ಮುಬೀನಾ ಅತ್ತೆಯ ಮುಖ ನೋಡಿದಳು. ತಸ್ಕೀನ ಮೊಬೈಲು ತೆಗೆದಳು. ಈ ಸಲ ಯಾರೂ ಬೇಡ ಎನ್ನಲಿಲ್ಲ. ಓದಿ, ಮೊದಲು ತಾಯಿಗೆ ತೋರಿಸಿದಳು.

ಜುನೈದ ಹೋಗುವವರೆಗೆ ಮುಬೀನಾ ತಡೆದುಕೊಂಡಳು. ಬಾಗಿಲು ಹಾಕಿದ ಮೇಲೆಯೂ ಕೂಗಲಿಲ್ಲ.

"ದುಆ ಅಂದ್ರಲ್ರಿ ಅಮ್ಮೀ."

"ನೀ ನನ್ನ ಅವ್ವನ ಲೇಸೊ ನೆಲಕ್ಕ ಹಾಕಿದಿ."

"ನೀವು ನನ್ನ ಅವ್ವನ ಹಂಡೆ ಭಂಗಾರಕ್ಕ ಹಾಕಿದ್ರಿ. ನಾ ಹಂಡೇದು ಸೇಡು ಪೋಚಾದಾಗ ತೀರಿಸಿದೆ, ಅಷ್ಟ. ನೀವು ಹುಡುಗಿ ಕೊರಳಿಗೆ ಕೈ ಹಾಕಿದ್ರಿ."

ತಸ್ಕೀನ ಅಂದಿನಿಂದ ದಾದಿಯ ಪಕ್ಕ ಮಲಗುವುದನ್ನು ಬಿಟ್ಟು ಹೊರಕೋಣೆಯಲ್ಲಿ, ಮಷಿನಿನ ಬುಡದಲ್ಲಿ ಹಾಸಿಗೆ ಹಾಕಿಕೊಂಡಳು. ಗುಲಶನಬಿ ಒಂದು ದಿನ ಟ್ರಂಕಿನಿಂದ ಉಳಿದ ಒಂದು ಉಹುರು ಲೇಸೊ ತೆಗೆದು, ಇದನ್ನಾದರೂ ಇಟ್ಟುಕೋ ಎಂದಳು. ಒಂಟಿದು ಕೊಡಬಾರದು ಅಂತ ನೀವೇ ಹೇಳಿದ್ರಲ್ಲ ದಾದೀ ಎಂದು ತಸ್ಕೀನ ಮೃದುವಾಗಿಯೇ ಹೇಳಿ, ಲೋಕಲ್ ರೈಲು ತಪ್ಪುತ್ತದೆಂದು ಹೊರಟಳು.

ಮುಬೀನಾ ಆ ಹಳದಿ ಅರ್ಧಕ್ಕೆ ಮೇಲೆ ರಿಂಗು ಹೊಲಿದು ಅಡುಗೆಮನೆಯ ಬಾಗಿಲಿಗೆ ಪರದೆ ಮಾಡಿದಳು. ಮಂಚದಲ್ಲಿ ಮಲಗಿದವರ ಕಣ್ಣಿಗೆ ನೇರ ಬರುವ ಹಾಗೆ, ಅಕ್ಷರ ಹೊರಗಡೆ. ವಾರಕ್ಕೊಮ್ಮೆ ಒಗೆದು ಇಸ್ತ್ರಿ ಮಾಡುತ್ತಿದ್ದಳು. ಛಂದ ಅದ, ಎಲ್ಲಿ ತಗೊಂಡಿ ಎಂದು ನೈಟಿ ಹೊಲಿಸಲು ಬಂದವರು ಕೇಳಿದರೆ, ನಮ್ಮ ಅತ್ತಿಯವರದು, ಅವರಿಗೆ ಬೀಗತಿ ಕಳಸ್ಯಾರ ಎನ್ನುತ್ತಿದ್ದಳು. ಹಾಲವ್ವ ಸ್ಟೂಲಿನಿಂದ ಎದ್ದು ಬಂದು ನೋಡಿ, ಈ ಸಲ ಓದಲು ಹೋಗಲಿಲ್ಲ.

ಪೋಚಾ ಬದಲಾಗಲಿಲ್ಲ.

ಡಿಸೆಂಬರ್ ಹನ್ನೆರಡು, ಶುಕ್ರವಾರ, ದಹಿಸರಿನ ಹಾಲ್ ಒಂದರಲ್ಲಿ ಮದುವೆ ಆಯಿತು. ಗುಲಶನಬಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಜೈತೂನಬಿ ಆ ಹಳದಿ ಲೇಸೊದ ಇನ್ನರ್ಧ ಹೊದ್ದು ಬಂದಿದ್ದಳು. ತಸ್ಕೀನಳಿಗೆ ಜೋಡಿ ಉಡಿಸಿದ್ದು ಅವಳೇ.